ಲೈಬ್ರರಿ ಕಾರ್ಡ್ ಮಾಡಿಸಿದ್ರಾ?

ಮೊದಲೇ ಹೇಳಿಬಿಡ್ತೀವಿ, ಇದು ಪುಸ್ತಕ ಓದಿ ಉದ್ಧಾರ ಆಗಿ ಅಂತ ಬುದ್ಧಿ ಹೇಳೋ ಲೇಖನ ಅಲ್ಲ. ಅಂಥವನ್ನೆಲ್ಲ ಪಿಯುಸಿ ಮುಗಿಯೋವರೆಗೆ ಬೇಕಾದಷ್ಟು ಕೇಳಿ ಆಗಿದೆ. ನಮ್ಮದು ಸಣ್ಣ ತಕರಾರು. ಕಾಲೇಜಿನ ಹಿಂದಿನ ಗೇಟಿನಿಂದ ನಡೆದರೆ ಹತ್ತು ನಿಮಿಷದ ದೂರದಲ್ಲಿ, ಪಾರ್ಕಿನ ಮೂಲೆಯಲ್ಲಿ, ಸಾರ್ವಜನಿಕ ಗ್ರಂಥಾಲಯದ ಒಂದು ಶಾಖೆ ಇದೆ. ನಮ್ಮಲ್ಲಿ ಸುಮಾರು ಜನ ಅಲ್ಲಿಗೆ ಹೋಗ್ತಾರೆ ಕೂಡ. ಇಂಟರ್ನಲ್ಸ್ ಹತ್ತಿರ ಬಂದಾಗ ಬ್ಯಾಗಿನಿಂದ ಸ್ವಂತ ನೋಟ್ಸ್ ತೆಗೆದು, ಫ್ಯಾನಿನ ಕೆಳಗಿನ ಕುರ್ಚಿ ಹಿಡಿದು, ಪ್ಲಗ್ ಪಾಯಿಂಟ್ ಸಿಕ್ಕರೆ ಚಾರ್ಜರ್ ಸಿಕ್ಕಿಸಿ, ಸಂಜೆ ಎದ್ದು ಬರ್ತಾರೆ. ಆದರೆ ಅಲ್ಲಿರೋ ಪುಸ್ತಕ ಮುಟ್ಟೋರು, ಕಾರ್ಡ್ ಮಾಡಿಸಿಕೊಂಡು ರೂಮಿಗೆ ಪುಸ್ತಕ ತರೋರು ಬೆರಳೆಣಿಕೆ. ಕುರ್ಚಿ ಬೇಕು, ಕಪಾಟು ಬೇಡ. ಇದು ಹೀಗೇ ನಡೆದರೆ ನಾವು ಪಾಸಾಗಿ ಹೋಗೋ ಹೊತ್ತಿಗೆ ಆ ಕಪಾಟುಗಳೇ ಅಲ್ಲಿ ಇರೋದಿಲ್ಲ ಅನ್ನೋದು ನಮ್ಮ ಭಯ.

ಒಳಗೆ ಕಾಲಿಡದವರಿಗೆ ಸ್ವಲ್ಪ ವಿವರ. ಬಾಗಿಲಲ್ಲೇ ಒಂದು ಮೇಜು, ಅದರ ಮೇಲೆ ದಾರ ಕಟ್ಟಿದ ಪೆನ್ನು, ಹೆಸರು ಬರೆದು ಸಹಿ ಹಾಕೋ ದಪ್ಪ ರಿಜಿಸ್ಟರ್. ಎಡಗಡೆ ಓರೆಯಾದ ಮರದ ಸ್ಟ್ಯಾಂಡುಗಳ ಮೇಲೆ ದಿನಪತ್ರಿಕೆಗಳು: ಪ್ರಜಾವಾಣಿ, ಕನ್ನಡಪ್ರಭ, ವಿಜಯ ಕರ್ನಾಟಕ, ಡೆಕ್ಕನ್ ಹೆರಾಲ್ಡ್. ಬೆಳಗಿನ ಹೊತ್ತು ಆ ಸ್ಟ್ಯಾಂಡುಗಳು ನಿವೃತ್ತರ ಆಸ್ತಿ. ಒಬ್ಬರಿಗೆ ಮೊದಲು ಸಂಪಾದಕೀಯ ಬೇಕು, ಇನ್ನೊಬ್ಬರಿಗೆ ಕ್ರೀಡೆ, ಮತ್ತೊಬ್ಬರು ನಿಧನ ವಾರ್ತೆಯಿಂದಲೇ ಶುರು ಮಾಡೋದು. ಆ ಸರದಿಯನ್ನು ಯಾರೂ ಬರೆದಿಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು. ನಡುವಿನ ಉದ್ದ ಮೇಜುಗಳು ಸ್ಪರ್ಧಾತ್ಮಕ ಪರೀಕ್ಷೆಯವರದು. ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಬ್ಯಾಂಕು, ಹೀಗೆ. ಮಧ್ಯಾಹ್ನ ಒಂದಿಬ್ಬರು ಡೆಲಿವರಿ ಹುಡುಗರು ಹೆಲ್ಮೆಟ್ ಪಕ್ಕಕ್ಕಿಟ್ಟು ಸುಧಾ, ತರಂಗ ತಿರುವಿ ಹಾಕ್ತಾರೆ. ಶಾಲೆ ಬಿಟ್ಟ ಮೇಲೆ ಮಕ್ಕಳ ಗಲಾಟೆ. ಇವರೆಲ್ಲರ ಹಿಂದೆ, ಗೋಡೆಗೆ ಒರಗಿಕೊಂಡು, ಕಬ್ಬಿಣದ ಕಪಾಟುಗಳಲ್ಲಿ ಪುಸ್ತಕಗಳು ನಿಂತಿವೆ. ಮಳೆಗಾಲದಲ್ಲಿ ಆ ಮೂಲೆಗೆ ಒಂದು ವಾಸನೆ ಬರುತ್ತೆ. ಕೆಲವರಿಗೆ ಅದು ಪರಿಮಳ, ಕೆಲವರಿಗೆ ಸೀನು.

ಪರೀಕ್ಷೆಗೆ ಓದೋರ ಮೇಲೆ ನಮಗೆ ಸಿಟ್ಟಿಲ್ಲ. ಹತ್ತಡಿ ಕೋಣೆಯಲ್ಲಿ ನಾಲ್ಕು ಜನ ಇರೋ ಮನೆಯಿಂದ ಬಂದು, ಬೆಳಿಗ್ಗೆಯಿಂದ ರಾತ್ರಿವರೆಗೆ ಕೂತು ಓದೋರಿಗೆ ಆ ಕುರ್ಚಿ ಎಷ್ಟು ದೊಡ್ಡದು ಅನ್ನೋದು ನಮಗೂ ಅರ್ಥ ಆಗುತ್ತೆ. ಅವರಲ್ಲಿ ಒಬ್ಬರಿಗೆ ನೌಕರಿ ಸಿಕ್ಕಿದ ದಿನ ಇಡೀ ಹಾಲಿಗೆ ಮೈಸೂರು ಪಾಕ್ ಹಂಚಿದ್ದನ್ನು ನಾವೂ ತಿಂದಿದ್ದೀವಿ. ನಮ್ಮ ಮಾತು ಇಷ್ಟೇ. ಲೈಬ್ರರಿಗೆ ಎರಡು ಲೆಕ್ಕ ಇರುತ್ತೆ. ಒಂದು, ಬಾಗಿಲ ಬಳಿಯ ಸಹಿ ರಿಜಿಸ್ಟರು. ಎಷ್ಟು ಜನ ಬಂದರು ಅನ್ನೋದು ಅದರಲ್ಲಿ ಗೊತ್ತಾಗುತ್ತೆ. ಇನ್ನೊಂದು, ಪುಸ್ತಕ ಎರವಲು ಕೊಟ್ಟ ಲೆಕ್ಕ. ಮೊದಲನೆಯದು ದಿನಾ ತುಂಬಿ ಎರಡನೆಯದು ಖಾಲಿ ಬಿದ್ದರೆ, ಮೇಲಿನವರಿಗೆ ಕಾಣೋದು ಏನು? ಜನಕ್ಕೆ ಬೇಕಿರೋದು ಕುರ್ಚಿ ಅಂತ. ಆಗ ಒಂದು ಕಪಾಟು ಎತ್ತಿ ಎರಡು ಮೇಜು ಹಾಕೋದೇ ನ್ಯಾಯವಾಗಿ ಕಾಣುತ್ತೆ. ನಮ್ಮ ಶಾಖೆಯಲ್ಲಿ ಹೋದ ವರ್ಷ ಇದು ಒಮ್ಮೆ ಆಗಿಯೂ ಹೋಯಿತು. ಕಥೆ-ಕಾದಂಬರಿಯ ಎರಡು ಕಪಾಟಿನಷ್ಟು ಪುಸ್ತಕಗಳು ಸಣಬಿನ ಹಗ್ಗದಲ್ಲಿ ಕಟ್ಟಿಸಿಕೊಂಡು ಮೆಟ್ಟಿಲ ಕೆಳಗೆ ಕೂತಿವೆ. ಯಾರೂ ಕೇಳಲಿಲ್ಲ. ಕೇಳೋಕೆ ಅವು ಇಲ್ಲ ಅಂತ ಯಾರಿಗಾದರೂ ಗೊತ್ತಾಗಬೇಕಲ್ಲ!

"ಬೇಕಾದ್ದೆಲ್ಲ ಫೋನಲ್ಲೇ ಸಿಗುತ್ತೆ ಗುರು, ಪಿಡಿಎಫ್ ಇದೆಯಲ್ಲ" ಅನ್ನೋ ಮಾತು ನಮ್ಮ ಕ್ಲಬ್ಬಿನ ಒಳಗೇ ಬಂತು. ಅರ್ಧ ನಿಜ. ಡೇಟಾ ಸ್ಟ್ರಕ್ಚರ್ಸ್ ಪುಸ್ತಕದ ಪಿಡಿಎಫ್ ಸಿಗುತ್ತೆ. ಸರ್ಕಾರದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯವೂ 2020ರಿಂದ ಇದೆ, ಉಚಿತವಾಗಿ ನೋಂದಾಯಿಸಿಕೊಂಡು ಫೋನಿನಲ್ಲೇ ಓದಬಹುದು. ಅದನ್ನೂ ಬಳಸಿ, ಬೇಡ ಅನ್ನಲ್ಲ. ಆದರೆ ಕನ್ನಡದ ಹಳೆಯ ಪುಸ್ತಕಗಳ ಕಥೆ ಬೇರೆ. ಒಂದು ಮುದ್ರಣ ಆಗಿ, ಮುಗಿದು, ಮತ್ತೆ ಅಚ್ಚಾಗದೇ ಹೋದ ಪುಸ್ತಕಗಳು ಸಾವಿರಾರು. ಅಂಗಡಿಯಲ್ಲಿ ಇಲ್ಲ, ಆನ್‌ಲೈನಿನಲ್ಲೂ ಇಲ್ಲ. ಇದ್ದರೆ ಇರೋದು ಇಂಥ ಶಾಖೆಗಳ ಕಪಾಟಿನಲ್ಲಿ, ಗ್ರಂಥಾಲಯ ಇಲಾಖೆ ಆಗ ಸಗಟು ಖರೀದಿ ಮಾಡಿ ಕಳಿಸಿದ ಪ್ರತಿಯಾಗಿ. ಅದು ಹೋದರೆ ಹೋಯಿತು.

ನಮ್ಮ ಶಾಖೆಯಲ್ಲಿ ಶಿವರಾಮ ಕಾರಂತರ 'ವಿಜ್ಞಾನ ಪ್ರಪಂಚ' ಇದೆ. ನಾಲ್ಕು ಸಂಪುಟದಲ್ಲಿ ಮೂರು. ಒಂದು ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿಲ್ಲ. ಕಾದಂಬರಿ ಬರೆದು, ಯಕ್ಷಗಾನ ಕುಣಿದು, ಅದರ ಮಧ್ಯೆ ಒಬ್ಬರೇ ಕೂತು ವಿಜ್ಞಾನದ ವಿಶ್ವಕೋಶ ಬರೆದ ಮನುಷ್ಯ. ಎಂಜಿನಿಯರಿಂಗ್ ಓದೋ ನಾವು ಅದನ್ನು ಒಮ್ಮೆಯಾದರೂ ಕೈಯಲ್ಲಿ ಹಿಡಿಯಬೇಡ್ವಾ? ಅದರಲ್ಲಿರೋ ಎಷ್ಟೋ ಸಂಗತಿ ಈಗ ಹಳತಾಗಿದೆ, ಅದು ಸಹಜ. ಆದರೆ ಕನ್ನಡದಲ್ಲಿ ಶಬ್ದವೇ ಇಲ್ಲದ ವಿಷಯವನ್ನು ಕನ್ನಡದಲ್ಲಿ ಹೇಗೆ ಹೇಳೋದು ಅಂತ ಪುಟಪುಟದಲ್ಲೂ ಒದ್ದಾಡಿದ್ದು ಕಾಣುತ್ತೆ. ಸೆಮಿನಾರಿಗೆ ಒಂದು ಪ್ಯಾರಾ ಕನ್ನಡದಲ್ಲಿ ಬರೆಯೋಕೆ ಕೂತಾಗ ನಾವು ಪಡೋ ಕಷ್ಟವೂ ಅದೇ ತಾನೆ. ಪಕ್ಕದಲ್ಲೇ ನಿರಂಜನ ಸಂಪಾದಿಸಿದ 'ಜ್ಞಾನಗಂಗೋತ್ರಿ'ಯ ದಪ್ಪ ಸಂಪುಟಗಳು. ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಇದೆ. ಸಸ್ಯಶಾಸ್ತ್ರದ ಮೇಷ್ಟ್ರು ಹುಡುಗರನ್ನು ಕಾಡಿಗೆ ಕರೆದುಕೊಂಡು ಹೋದ ಕಥೆಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ ಅಂದರೆ ಅದು ಎಂಥ ಪುಸ್ತಕ ಅಂತ ಲೆಕ್ಕ ಹಾಕಿ. ನಮ್ಮ ಇಂಡಸ್ಟ್ರಿಯಲ್ ವಿಸಿಟ್ ವರದಿಗಳನ್ನು ನೆನೆಸಿಕೊಂಡರೆ ನಾಚಿಕೆ ಆಗುತ್ತೆ, ಇರಲಿ. ತೇಜಸ್ವಿಯವರ 'ಕರ್ವಾಲೊ' ಮಾತ್ರ ಯಾವಾಗಲೂ ಹೊರಗೇ ಇರುತ್ತೆ. ಅದೊಂದು ಸಮಾಧಾನ.

ಈ ಪುಸ್ತಕಗಳ ಕೊನೆಯ ಪುಟ ತೆಗೆದು ನೋಡಿ. ವಾಪಸು ಕೊಡಬೇಕಾದ ತಾರೀಕಿನ ಮುದ್ರೆ ಒತ್ತೋ ಒಂದು ಚೀಟಿ ಅಂಟಿಸಿರ್ತಾರೆ. ನಾವು ನೋಡಿದ ಒಂದು ಚೀಟಿಯಲ್ಲಿ 90ರ ದಶಕದ ಮುದ್ರೆಗಳು ಒಂದರ ಮೇಲೊಂದು, ಜಾಗ ಸಾಲದೆ ಅಡ್ಡಡ್ಡ. ಆಮೇಲೆ ವರ್ಷಕ್ಕೊಂದು. 2011ರ ಒಂದು ನೇರಳೆ ಮುದ್ರೆಯ ಕೆಳಗೆ ಖಾಲಿ ಬಿಳಿ. ಆ ಮುದ್ರೆ ಬಿದ್ದಾಗ ನಮ್ಮ ಫಸ್ಟ್ ಇಯರ್ ಹುಡುಗರು ಇನ್ನೂ ಅಂಗನವಾಡಿಯಲ್ಲಿ ಇದ್ದರು.

ಸರಿ, ಕಾರ್ಡ್ ಮಾಡಿಸಬೇಕು. ಇಲ್ಲಿ ನಿಜವಾದ ತೊಡಕು ಬರುತ್ತೆ, ಅದನ್ನು ಮುಚ್ಚಿಡೋದಿಲ್ಲ. ಅರ್ಜಿ ಫಾರಂ ಒಂದು ಪುಟ. ಎರಡು ಫೋಟೊ, ವಾಪಸು ಸಿಗೋ ಠೇವಣಿ. ಎರಡು ಮಸಾಲೆ ದೋಸೆ ಕಾಫಿ ದುಡ್ಡಿಗಿಂತ ಹೆಚ್ಚೇನಲ್ಲ. ಅಷ್ಟರವರೆಗೆ ಸುಲಭ. ಆಮೇಲೆ 'ವಿಳಾಸದ ಪುರಾವೆ' ಅಂತ ಇರುತ್ತೆ. ಹಾಸ್ಟೆಲ್ಲು, ಪಿಜಿಯಲ್ಲಿರೋ ನಮ್ಮ ಆಧಾರ್ ಕಾರ್ಡಿನಲ್ಲಿ ಇರೋದು ಊರಿನ ವಿಳಾಸ. ಸಿಂಧನೂರು, ಸಾಗರ, ಚಳ್ಳಕೆರೆ, ಭಟ್ಕಳ. ಅದನ್ನು ನೋಡಿ ಗ್ರಂಥಪಾಲಕರು ತಲೆ ಕೆರೆದುಕೊಳ್ತಾರೆ. ಅವರ ತಪ್ಪಲ್ಲ, ಪುಸ್ತಕ ಕಳೆದರೆ ಉತ್ತರ ಹೇಳಬೇಕಾದವರು ಅವರೇ. ನಮ್ಮ ಮೆಕ್ಯಾನಿಕಲ್ ಗೆಳೆಯನೊಬ್ಬ ಗದಗ ಕಡೆಯವನು. ಅವನು ಹೇಳಿದ್ದು ಹೀಗೆ: "ಊರಾಗಿದ್ದಾಗ ಪಂಚಾಯ್ತಿ ಲೈಬ್ರರಿಗೆ ದಿನಾ ಹೋಗ್ತಿದ್ನಿ. ಅಲ್ಲಿ ಯಾರೂ ನೀ ಯಾರಪ್ಪಾ ಅಂತ ಕೇಳ್ತಿದ್ದಿಲ್ಲ. ಇಲ್ಲಿ ಬಂದ ಮ್ಯಾಲೆ ನೋಡಿದ್ರ, ನಂದಂತ ಒಂದು ವಿಳಾಸಾನ ಇಲ್ಲೋ ಮಾರಾಯಾ."

ಅವನ ಮಾತಿನಲ್ಲಿ ಎರಡು ವಿಷಯ ಇದೆ. ಒಂದು, ಹಳ್ಳಿ ಗ್ರಂಥಾಲಯಗಳು ನಾವು ಅಂದುಕೊಂಡ ಹಾಗಿಲ್ಲ. 2019ರಲ್ಲಿ ಅವನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಿದ ಮೇಲೆ ರಾಜ್ಯದ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು 'ಅರಿವು ಕೇಂದ್ರ' ಅನ್ನೋ ಹೆಸರಿನಲ್ಲಿ ಎಷ್ಟೋ ಕಡೆ ಹೊಸ ಬಣ್ಣ, ಹೊಸ ಕಂಪ್ಯೂಟರು ಕಂಡಿವೆ. ಊರಿನವರೇ ಪುಸ್ತಕ ಕೊಟ್ಟಿದ್ದಾರೆ. ನಗರದ ಅಂಚಿನಲ್ಲಿರೋ ಎಷ್ಟೋ ಎಂಜಿನಿಯರಿಂಗ್ ಕಾಲೇಜುಗಳ ಪಕ್ಕದಲ್ಲಿ ಇರೋದು ನಗರದ ಶಾಖೆ ಅಲ್ಲ, ಇಂಥ ಪಂಚಾಯ್ತಿ ಗ್ರಂಥಾಲಯವೇ. ಬೇರೆ ಕಾಲೇಜಿನ ಗೆಳೆಯರು ಇದನ್ನು ಓದ್ತಾ ಇದ್ದರೆ ಸುತ್ತಮುತ್ತ ಒಮ್ಮೆ ವಿಚಾರಿಸಿ.

ಎರಡನೆಯದು, ವಿಳಾಸದ ಸಮಸ್ಯೆಗೆ ಕಾಲೇಜು ಒಂದು ಕಾಗದ ಕೊಟ್ಟರೆ ಸಾಕು. ಬಸ್ ಪಾಸಿಗೆ ಕೊಡ್ತಾರೆ, ಬ್ಯಾಂಕ್ ಖಾತೆಗೆ ಕೊಡ್ತಾರೆ, ಸ್ಕಾಲರ್‌ಶಿಪ್ಪಿಗೆ ಕೊಡ್ತಾರೆ. ಅದೇ ಬೊನಾಫೈಡ್ ಸರ್ಟಿಫಿಕೇಟಿನಲ್ಲಿ 'ಈ ವಿದ್ಯಾರ್ಥಿ ಇಂಥ ಹಾಸ್ಟೆಲಿನಲ್ಲಿ ಇದ್ದಾನೆ, ಪುಸ್ತಕ ವಾಪಸು ಕೊಡದಿದ್ದರೆ ನಮಗೆ ತಿಳಿಸಿ' ಅಂತ ಎರಡು ಸಾಲು ಸೇರಿಸಿದರೆ ಮುಗಿಯಿತು. ಕೊನೇ ಸೆಮಿಸ್ಟರಿನಲ್ಲಿ ನೋ ಡ್ಯೂಸ್ ಫಾರಂ ಹಿಡಿದುಕೊಂಡು ಹದಿನಾರು ಕಡೆ ಸಹಿಗೆ ಅಲೆಯೋರು ಹದಿನೇಳನೆಯ ಸಹಿಗೂ ಅಲೀತಾರೆ, ಅದರಲ್ಲೇನು. ಇದನ್ನು ಪ್ರಿನ್ಸಿಪಾಲರಿಗೆ ಬರೆದು ಕೊಡೋದು ಕನ್ನಡ ಸಂಘದ ಕೆಲಸ ಅಂತ ನಾವು ತಿಳಿದಿದ್ದೀವಿ. ನವೆಂಬರಿನ ಟೀಶರ್ಟ್ ಬಣ್ಣ ಹಳದಿಯೋ ಕೆಂಪೋ ಅಂತ ಮೂರು ಮೀಟಿಂಗ್ ಮಾಡೋ ಬದಲು ಅರ್ಧ ಮೀಟಿಂಗ್ ಇದಕ್ಕೆ ಕೊಡಬಹುದು.

ಇನ್ನು ದುಡ್ಡಿನ ಮಾತು. ಬಹಳ ಜನಕ್ಕೆ ಇದು ಸರ್ಕಾರ ಪುಕ್ಕಟೆ ಕೊಟ್ಟ ಸೌಲಭ್ಯ ಅನ್ನೋ ಭಾವನೆ. ಅಲ್ಲ. ಇದಕ್ಕೆ ನಾವು ಆಗಲೇ ದುಡ್ಡು ಕೊಟ್ಟಾಗಿದೆ. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್ ವಸೂಲು ಮಾಡ್ತಾರೆ. ಈಗ ಅದು ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ಪಿಜಿ ಮಾಲೀಕರು ವರ್ಷಕ್ಕೆ 50,000 ರೂಪಾಯಿ ಆಸ್ತಿ ತೆರಿಗೆ ಕಟ್ಟಿದರೆ ಅದರ ಮೇಲೆ 3,000 ರೂಪಾಯಿ ಲೈಬ್ರರಿಗೆ. ಅವರು ಅದನ್ನು ಜೇಬಿನಿಂದ ಕೊಡೋದಿಲ್ಲ ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಾವು ತಿಂಗಳು ತಿಂಗಳು ಕೊಡೋ ಬಾಡಿಗೆಯಲ್ಲಿ ಅದು ಸೇರಿಕೊಂಡಿದೆ, ಬೆಳಗಿನ ನೀರು ಚಟ್ನಿಯ ಹಾಗೆ. ಕೊಟ್ಟ ದುಡ್ಡಿಗೆ ಪುಸ್ತಕ ತರದೆ ಬಿಟ್ಟಿರೋದು ನಾವು.

ಈ ಸೆಸ್ಸಿಗೆ ಇನ್ನೊಂದು ಕಥೆಯೂ ಇದೆ. ವಸೂಲು ಮಾಡೋದು ನಗರದ ಸ್ಥಳೀಯ ಸಂಸ್ಥೆ, ಖರ್ಚು ಮಾಡಬೇಕಾದ್ದು ಗ್ರಂಥಾಲಯ ಇಲಾಖೆ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದುಡ್ಡು ಹೋಗೋ ದಾರಿಯಲ್ಲಿ ಬಾಕಿ ಉಳಿಯೋದು ಪತ್ರಿಕೆಗಳಲ್ಲಿ ಆಗಾಗ ಬರೋ ಸುದ್ದಿ. ಹೊಸ ಪುಸ್ತಕ ಯಾಕೆ ಬಂದಿಲ್ಲ, ಚಾವಣಿ ಯಾಕೆ ಸೋರುತ್ತೆ ಅನ್ನೋ ಪ್ರಶ್ನೆಗಳಿಗೆ ಉತ್ತರದ ಒಂದು ತುದಿ ಅಲ್ಲಿರಬಹುದು. ನಮ್ಮ ವಾರ್ಡಿನಿಂದ ಎಷ್ಟು ಸೆಸ್ ಬಂತು, ಎಷ್ಟು ಇಲಾಖೆಗೆ ಹೋಯಿತು, ನಮ್ಮ ಶಾಖೆಗೆ ಕಳೆದ ಮೂರು ವರ್ಷದಲ್ಲಿ ಎಷ್ಟು ಹೊಸ ಪುಸ್ತಕ ಕೊಂಡರು? ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ. ಕನ್ನಡದಲ್ಲೇ ಬರೆಯಬಹುದು. ಡೇಟಾ ಸೈನ್ಸ್ ಪ್ರಾಜೆಕ್ಟಿಗೆ ಯಾವುದೋ ವಿದೇಶಿ ಮನೆ ಬೆಲೆಯ ಡೇಟಾಸೆಟ್ ಇಳಿಸಿಕೊಳ್ಳೋ ನಮ್ಮವರಿಗೆ ಇದಕ್ಕಿಂತ ಒಳ್ಳೆ ಡೇಟಾ ಎಲ್ಲಿ ಸಿಗುತ್ತೆ ಹೇಳಿ. ಉತ್ತರ ಬರೋದು ತಡ ಆಗಬಹುದು. ಈಗ ಅರ್ಜಿ ಹಾಕಿದರೆ ಮುಂದಿನ ಸೆಮಿಸ್ಟರಿನ ಹೊತ್ತಿಗಾದರೂ ಕೈಯಲ್ಲಿ ಏನಾದರೂ ಇರುತ್ತೆ.

ಲೈಬ್ರರಿಯ ಜೊತೆಗೇ ಅದರ ಸುತ್ತಲಿನದನ್ನೂ ಹೇಳಬೇಕು. ಯಾಕಂದರೆ ಉಪನಗರದ ಬಗ್ಗೆ ನಮ್ಮ ಒಂದು ದೂರು ಸದಾ ಇದ್ದದ್ದೇ: "ಇಲ್ಲಿ ಏನೂ ಇಲ್ಲ, ಎಲ್ಲಾ ಇರೋದು ಸಿಟಿಯಲ್ಲಿ." ಬಸವನಗುಡಿಯವರ ಮೇಲೆ ನಮಗೂ ಹೊಟ್ಟೆಕಿಚ್ಚು ಇದೆ. ಎಚ್. ನರಸಿಂಹಯ್ಯನವರು 1962ರಲ್ಲಿ ಶುರು ಮಾಡಿದ ಬೆಂಗಳೂರು ವಿಜ್ಞಾನ ವೇದಿಕೆಯ ಉಪನ್ಯಾಸ ನ್ಯಾಷನಲ್ ಕಾಲೇಜಿನಲ್ಲಿ, ಡಿವಿಜಿಯವರು ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಅಲ್ಲೇ ಹತ್ತಿರದಲ್ಲಿ, ವಿಶ್ವಸಂಸ್ಕೃತಿ ಸಂಸ್ಥೆಯ ಗ್ರಂಥಾಲಯ ಬಿ.ಪಿ. ವಾಡಿಯಾ ರಸ್ತೆಯಲ್ಲಿ. ಎಲ್ಲಾ ನಡೆದು ಹೋಗೋ ದೂರ. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡದ ಕೇಂದ್ರ ಗ್ರಂಥಾಲಯವನ್ನಂತೂ ಎಲ್ಲರೂ ಫೋಟೊದಲ್ಲಾದರೂ ನೋಡಿರ್ತಾರೆ. ಆದರೆ ಮೈಸೂರು ರಸ್ತೆ ಕಡೆ ಇರೋ ನಮಗೂ ಏನೂ ಇಲ್ಲ ಅನ್ನೋಹಾಗಿಲ್ಲ. 2021ರಲ್ಲಿ ಕೆಂಗೇರಿಗೆ ಮೆಟ್ರೊ ಬಂದ ಮೇಲೆ ಕಬ್ಬನ್ ಪಾರ್ಕಿಗೂ ಒಂದೇ ರೈಲು, ಬದಲಾಯಿಸೋ ಗೋಜಿಲ್ಲ. ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮ ಇದೆ. ಅಲ್ಲಿ ನಾಟಕ ನೋಡೋಕೆ ಬೇರೆ ಬಡಾವಣೆಯವರು ಎರಡು ಬಸ್ ಹತ್ತಿ ಬರ್ತಾರೆ, ಪಕ್ಕದ ಪಿಜಿಯಲ್ಲಿರೋ ನಾವು ಆ ಹೊತ್ತಿಗೆ ರೀಲ್ಸ್ ತಳ್ಳುತ್ತಾ ಮಲಗಿರ್ತೀವಿ.

ಇವೆಲ್ಲ ಎಲ್ಲಿ, ಯಾವಾಗ ಅಂತ ನಮಗೆ ಗೊತ್ತಾಗೋದು ಎಲ್ಲಿಂದ? ಲೈಬ್ರರಿಯ ನೋಟಿಸ್ ಬೋರ್ಡಿನಿಂದ. ಇದು ತಮಾಷೆಗೆ ಹೇಳ್ತಿರೋದಲ್ಲ. ನಮ್ಮ ಶಾಖೆಯ ಬೋರ್ಡಿನಲ್ಲಿ ನಾಟಕದ ಕರಪತ್ರ, ರಕ್ತದಾನ ಶಿಬಿರ, ಹೊಲಿಗೆ ತರಗತಿ, ಕಳೆದುಹೋದ ಬೆಕ್ಕು, ಕೋಣೆ ಬಾಡಿಗೆಗಿದೆ ಅನ್ನೋ ಕೈಬರಹದ ಚೀಟಿ, ಎಲ್ಲಾ ಒಟ್ಟಿಗೆ ಇರ್ತವೆ. ಆ ಕೈಬರಹದ ಚೀಟಿಯಿಂದ ನಮ್ಮಲ್ಲಿ ಮೂವರಿಗೆ ಬ್ರೋಕರ್ ಕಮಿಷನ್ ಇಲ್ಲದೆ ಮನೆ ಸಿಕ್ಕಿದೆ. ದಿನಪತ್ರಿಕೆಯ ಸ್ಟ್ಯಾಂಡಿನ ಬಳಿ ನಿಲ್ಲೋ ಹಿರಿಯರಂತೂ ನಡೆದಾಡೋ ಡೈರೆಕ್ಟರಿ. ನಮ್ಮವನೊಬ್ಬ ಮೂರು ದಿನದಿಂದ ಜ್ವರ ಇಟ್ಟುಕೊಂಡು ಓದ್ತಾ ಕೂತಿದ್ದಾಗ ಒಬ್ಬರು, "ಏನಪ್ಪಾ, ಮುಖ ಹೀಗಾಗಿದೆ, ಏಳು, ಹಿಂದಿನ ಬೀದಿಯಲ್ಲೇ ನಮ್ಮ ಕ್ಲಿನಿಕ್ ಇದೆ, ದುಡ್ಡು ಕೇಳಲ್ಲ" ಅಂತ ಎಬ್ಬಿಸಿ ಕರೆದುಕೊಂಡು ಹೋದರು. ಅಲ್ಲಿ ನೋಡಿದ್ದಕ್ಕೂ ಮಾತ್ರೆಗೂ ಪೈಸೆ ತಗೊಳ್ಳಲಿಲ್ಲ. ಇಂದಿರಾ ಕ್ಯಾಂಟೀನ್ ಆ ಕಡೆ ರಸ್ತೆಯಲ್ಲಿ. 2017ರಲ್ಲಿ ಶುರುವಾದಾಗಿನಿಂದ ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ ಅಂತ ಹೆಸರು ಮಾಡಿದ್ದು. ತಿಂಗಳ ಕೊನೆಯ ವಾರದಲ್ಲಿ ಅದರ ಬೆಲೆ ಗೊತ್ತಾಗುತ್ತೆ. ಬೇಗ ಹೋಗಬೇಕು ಅಷ್ಟೇ, ತಡವಾದರೆ ಖಾಲಿ. ಪಾರ್ಕಿನ ಕಲ್ಲು ಬೆಂಚು, ಸಂಜೆ ಐದರ ನಂತರ ಶಾಲೆಯ ಮೈದಾನ, ಭಾನುವಾರದ ಸಂತೆ. ಇವು ಯಾವುದೂ ಗೊತ್ತಿಲ್ಲದೆ ನಾಲ್ಕು ವರ್ಷ ಒಂದು ಬಡಾವಣೆಯಲ್ಲಿ ಇದ್ದು ಹೋಗೋದು ಸಾಧ್ಯ. ಬಹಳ ಜನ ಹಾಗೇ ಹೋಗ್ತಾರೆ. ಕಾಲೇಜು, ಪಿಜಿ, ಜೆರಾಕ್ಸ್ ಅಂಗಡಿ, ಎಗ್ ರೈಸ್ ಗಾಡಿ. ಇಷ್ಟೇ ಅವರ ಬೆಂಗಳೂರು.

ಎಂಜಿನಿಯರುಗಳಿಗೆ ಲೈಬ್ರರಿಯ ವಿಷಯದಲ್ಲಿ ಆಸಕ್ತಿ ಹುಟ್ಟಬೇಕಾದ ಇನ್ನೊಂದು ಕಾರಣ ಇದೆ. ಎಸ್.ಆರ್. ರಂಗನಾಥನ್ ಹೆಸರು ಕೇಳಿದೀರಾ? ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಅಂತ ಕರೆಯೋದು ಅವರನ್ನೇ. ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕ ಆದಾಗ ಶುರುವಿನಲ್ಲಿ ಆ ಕೆಲಸ ಎಷ್ಟು ಬೇಜಾರಾಯಿತು ಅಂದರೆ, ವಾಪಸು ಪಾಠ ಮಾಡೋಕೆ ಕಳಿಸಿ ಅಂತ ಕೇಳಿಕೊಂಡಿದ್ದರಂತೆ. ಲಂಡನ್ನಿಗೆ ತರಬೇತಿಗೆ ಹೋದರು. ಅಲ್ಲಿ ಒಂದು ಅಂಗಡಿಯಲ್ಲಿ ಮಕ್ಕಳ ಮೆಕ್ಯಾನೊ ಆಟಿಕೆ ನೋಡಿದರು. ಅದೇ ಪಟ್ಟಿ, ಅದೇ ನಟ್ಟು-ಬೋಲ್ಟು, ಜೋಡಿಸೋ ರೀತಿ ಬದಲಾದರೆ ಒಮ್ಮೆ ಕ್ರೇನ್, ಒಮ್ಮೆ ಬಂಡಿ. ಪುಸ್ತಕದ ವಿಷಯವನ್ನೂ ಹೀಗೇ ಬಿಡಿಭಾಗಗಳಾಗಿ ಒಡೆದು, ಬೇಕಾದ ಹಾಗೆ ಜೋಡಿಸಬಹುದಲ್ಲ ಅಂತ ಹೊಳೆಯಿತು. 1933ರಲ್ಲಿ ಬಂದ ಅವರ ಕೋಲನ್ ವರ್ಗೀಕರಣದ ಮೂಲ ಅದು. ಇವತ್ತು ಆನ್‌ಲೈನ್ ಅಂಗಡಿಯಲ್ಲಿ ಬೆಲೆ, ಬ್ರ್ಯಾಂಡ್, ಬಣ್ಣ ಅಂತ ಒಂದೊಂದೇ ಫಿಲ್ಟರ್ ಒತ್ತಿ ಶೂ ಹುಡುಕ್ತೀವಲ್ಲ, ಆ ಯೋಚನೆಯೂ ಇದೇ ಜಾತಿಯದು. ರಂಗನಾಥನ್ ಕೊನೆಯ ವರ್ಷಗಳನ್ನು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಅವರು ಇಲ್ಲಿ ಆರಂಭಿಸಿದ ಡಿಆರ್‌ಟಿಸಿ ಸಂಸ್ಥೆ ಈಗ ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿ, ಭಾರತೀಯ ಸಾಂಖ್ಯಿಕ ಸಂಸ್ಥೆಯ ಆವರಣದಲ್ಲಿದೆ. ದಿನಾ ಬಸ್ಸಿನಲ್ಲಿ ಅದರ ಮುಂದೆಯೇ ಹೋಗ್ತೀವಿ.

ಅವರ ಐದು ಸೂತ್ರಗಳಲ್ಲಿ ಒಂದು ಓದುಗರ ಸಮಯ ಹಾಳು ಮಾಡಬಾರದು ಅನ್ನೋದರ ಬಗ್ಗೆ. ನಮ್ಮ ಶಾಖೆ ಅದರಲ್ಲಿ ಫೇಲ್, ಒಪ್ಪಿಕೊಳ್ಳಬೇಕು. ಯಾವ ಪುಸ್ತಕ ಎಲ್ಲಿದೆ ಅನ್ನೋದು ಗ್ರಂಥಪಾಲಕರ ತಲೆಯಲ್ಲಿ ಮಾತ್ರ ಇದೆ. ಅವರು ರಜೆ ಹಾಕಿದರೆ ಕ್ಯಾಟಲಾಗೇ ರಜೆ. ಒಬ್ಬರೇ ಬಾಗಿಲು ತೆಗೆದು, ಪತ್ರಿಕೆ ಜೋಡಿಸಿ, ಮಕ್ಕಳನ್ನು ಗದರಿಸಿ, ಇಲಾಖೆಗೆ ವರದಿ ಕಳಿಸಬೇಕು. ಇಲ್ಲಿ ನಾವು ಮಾಡಬಹುದಾದ ಕೆಲಸ ಇದೆ. ಕಪಾಟಿನ ಪುಸ್ತಕಗಳ ಹೆಸರು, ಲೇಖಕರು, ಸಂಖ್ಯೆ ಇಷ್ಟನ್ನು ಒಂದು ಸ್ಪ್ರೆಡ್‌ಶೀಟಿಗೆ ಏರಿಸಿದರೂ ಸಾಕು. ಆ್ಯಪ್ ಬೇಡ, ಹ್ಯಾಕಥಾನ್ ಬೇಡ, ಬ್ಲಾಕ್‌ಚೈನ್ ಅಂತೂ ದಯವಿಟ್ಟು ಬೇಡ. ಕನ್ನಡ ಟೈಪಿಂಗ್ ಬರೋ ಆರು ಜನ, ಆರು ಶನಿವಾರ. ಮೇಡಂ ಹತ್ತಿರ ಕೇಳಿದ್ದೀವಿ. "ಮಾಡಿ ಕೊಡ್ರಪ್ಪಾ, ಪುಣ್ಯ ಬರುತ್ತೆ, ಆದ್ರೆ ತೆಗೆದ ಪುಸ್ತಕ ತೆಗೆದ ಜಾಗದಲ್ಲೇ ಇಡಿ" ಅಂದರು. ಮೇಲಿನಿಂದ ಒಪ್ಪಿಗೆ ಪತ್ರ ಒಂದು ಬೇಕು, ಅದಕ್ಕೆ ಅರ್ಜಿ ಕೊಟ್ಟಿದ್ದೀವಿ.

ಮಾಡಬಾರದ್ದು ಒಂದಿದೆ, ಅದು ಪುಸ್ತಕ ದಾನ ಅಭಿಯಾನ. ಪ್ರತಿ ವರ್ಷ ಯಾರಾದರೂ ಈ ಸಲಹೆ ತರ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ನಮ್ಮ ಹಾಸ್ಟೆಲಿನಲ್ಲಿ ಡಬ್ಬ ಇಟ್ಟರೆ ಬೀಳೋದು ಏನು? ವಿಟಿಯು 2018ರ ಸ್ಕೀಮಿನ ಗೈಡುಗಳು, ಅಂಚು ಹರಿದ ಪ್ರಶ್ನೆಪತ್ರಿಕೆ ಕಟ್ಟುಗಳು, ಯಾರೋ ಉಡುಗೊರೆ ಕೊಟ್ಟ ಇಂಗ್ಲಿಷ್ ಯಶಸ್ಸಿನ ಸೂತ್ರಗಳು. ಲೈಬ್ರರಿಗೆ ಜಾಗದ ಬರ ಇರುವಾಗ ನಮ್ಮ ರದ್ದಿಯನ್ನು ಅಲ್ಲಿ ಸುರಿದು ಫೋಟೊ ತೆಗೆಸಿಕೊಳ್ಳೋದು ಸೇವೆ ಅಲ್ಲ. ರದ್ದಿ ಅಂಗಡಿಗೆ ಹಾಕಿ, ಬಂದ ದುಡ್ಡಿನಲ್ಲಿ ಒಂದೇ ಒಂದು ಹೊಸ ಕನ್ನಡ ಪುಸ್ತಕ ಕೊಂಡು ಕೊಡಿ. ಕೊಡೋ ಮೊದಲು ಮೇಡಂ ಹತ್ತಿರ ಕೇಳಿ, ಏನು ಬೇಕು ಅಂತ. ಕಾಣೆಯಾದ 'ವಿಜ್ಞಾನ ಪ್ರಪಂಚ'ದ ಆ ಸಂಪುಟ ಯಾರ ಮನೆಯ ಅಟ್ಟದಲ್ಲಾದರೂ ಇದ್ದರೆ, ಅದಕ್ಕೆ ಮಾತ್ರ ಈ ನಿಯಮ ಇಲ್ಲ.

ಕಾಲೇಜಿನ ಲೈಬ್ರರಿ ಇರುವಾಗ ಇದೆಲ್ಲ ಯಾಕೆ ಅನ್ನೋರಿಗೆ ಒಂದು ಮಾತು. ಅದು ಎಂಜಿನಿಯರಿಂಗ್ ಪಠ್ಯಕ್ಕೆ ಒಳ್ಳೆಯದು, ಅದನ್ನು ಬಿಡಿ ಅನ್ನಲ್ಲ. ಆದರೆ ಐಡಿ ಕಾರ್ಡ್ ಉಜ್ಜಿ ಒಳಗೆ ಹೋಗೋ ಆ ಹಾಲಿನಲ್ಲಿ ನಮಗೆ ಕಾಣೋದು ನಮ್ಮಂಥವರೇ, ಅದೇ ವಯಸ್ಸು, ಅದೇ ಪ್ಲೇಸ್‌ಮೆಂಟ್ ಚಿಂತೆ. ಇಲ್ಲಿ ಹಾಗಲ್ಲ. ಎದುರು ಕುರ್ಚಿಯಲ್ಲಿ ಏಳನೇ ಕ್ಲಾಸಿನ ಹುಡುಗಿ ಭಿನ್ನರಾಶಿಯಲ್ಲಿ ಸಿಕ್ಕಿಹಾಕಿಕೊಂಡು, "ಅಣ್ಣಾ, ಇದೊಂದು ಹೇಳ್ಕೊಡಿ" ಅಂತಾಳೆ. ಇಂಟಿಗ್ರೇಶನ್ ಮಾಡೋ ನಮಗೆ ಭಿನ್ನರಾಶಿ ಭಾಗಾಕಾರದಲ್ಲಿ ಯಾಕೆ ತಿರುಗಿಸಿ ಗುಣಿಸಬೇಕು ಅಂತ ವಿವರಿಸೋಕೆ ಬರಲ್ಲ. ಬೆವರು ಬರುತ್ತೆ. ಪಕ್ಕದ ನಿವೃತ್ತ ಮೇಷ್ಟ್ರು ಚಪಾತಿ ಲೆಕ್ಕದಲ್ಲಿ ಎರಡು ನಿಮಿಷಕ್ಕೆ ಹೇಳಿಕೊಡ್ತಾರೆ. ಆ ದಿನ ಕಲಿತವರು ಇಬ್ಬರು.

ಹೋಗೋರಿಗೆ ಬೇಕಾದ ಮಾಹಿತಿ: ಸೋಮವಾರ, ತಿಂಗಳ ಎರಡನೇ ಮಂಗಳವಾರ ಮತ್ತು ಸರ್ಕಾರಿ ರಜಾದಿನಗಳಲ್ಲಿ ಬಾಗಿಲು ಹಾಕಿರುತ್ತೆ. ಭಾನುವಾರ ತೆರೆದಿರುತ್ತೆ, ನಮಗೆ ಅನುಕೂಲ ಅದೇ. ಫೋಟೊ ಎರಡು, ಆಧಾರ್ ಜೆರಾಕ್ಸ್, ಕಾಲೇಜು ಐಡಿ, ಚಿಲ್ಲರೆ ದುಡ್ಡು ತನ್ನಿ. ಮೇಡಂ ಹತ್ತಿರ ಯುಪಿಐ ಇಲ್ಲ. ಬೊನಾಫೈಡ್ ಮಾದರಿ ಪತ್ರವನ್ನು ಸಂಘದ ವಾಟ್ಸಾಪ್ ಗುಂಪಿನಲ್ಲಿ ಹಾಕ್ತೀವಿ. ಈ ಶನಿವಾರ ಸಂಜೆ ನಾಲ್ಕಕ್ಕೆ ಒಂದು ಗುಂಪು ಹೊರಡ್ತಾ ಇದೆ. ಮೆಟ್ಟಿಲ ಕೆಳಗಿನ ಕಟ್ಟುಗಳನ್ನು ಬಿಚ್ಚಿ ನೋಡೋಕೆ ಮೇಡಂ ಒಪ್ಪಿದ್ದಾರೆ, ಧೂಳಿಗೆ ಅಲರ್ಜಿ ಇರೋರು ಮಾಸ್ಕ್ ಹಾಕಿಕೊಂಡು ಬನ್ನಿ.